ತಟ್ಟೆ ಕುಣೀತೇನು?

ಫೋನ್ ರಿಪೇರಿ ಅಂಗಡಿಯ ದಸ್ತಗಿರಿ ನನ್ನ ಫೋನಿಗೆ ಮತ್ತೆ ಕಾಲ್ ಮಾಡಿದ. ಗಾಜಿನ ಮೇಜಿನ ಮೇಲೆ ಫೋನು ಗಡಗಡ ನಡುಗಿತು. ಅವನು ಎರಡೂ ಕೈ ಎತ್ತಿ, ಹಲ್ಲು ಬಿಟ್ಟು, ನೋಡಿದಿರಾ ಎನ್ನುವಂತೆ ಹುಬ್ಬು ಹಾರಿಸಿದ. ಬಂದಾಗಿನಿಂದ ಇದೇ ಆಟ. ನನಗೆ ಮೈಯೆಲ್ಲ ಉರಿದುಹೋಯಿತು.

"ಕಾಲ್ ಅಲ್ಲಪ್ಪಾ, ಮೆಸೇಜು! ಮೆಸೇಜ್ ಬಂದ್ರ ನಡಗೂದಿಲ್ಲ ಇದು. ನನಗ್ಯಾರು ಕಾಲ್ ಮಾಡ್ತಾರ? ನನಗ ಕಿವಿ ಕೇಳೂದಿಲ್ಲಂತ ಎಷ್ಟು ಸಲ ಒದರಬೇಕು ನಿನ್ನ ಮುಂದ?"

ಜೋರಾಗಿಯೇ ಹೇಳಿರಬೇಕು. ಪಕ್ಕದ ಸೀರೆ ಅಂಗಡಿಯವನು ಹೊರಗೆ ಬಂದು ಇಣುಕಿದ. ನನ್ನ ದನಿ ಎಷ್ಟು ದೊಡ್ಡದು ಎನ್ನುವುದು ಎದುರಿನವರ ಮುಖ ನೋಡಿದರೇ ನನಗೆ ಗೊತ್ತಾಗುವುದು. ಮನೆಯಲ್ಲಾದರೆ ನಮ್ಮ ಅತ್ತೆ ತುಂಗಾಬಾಯಿ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಒತ್ತುತ್ತಾರೆ. ಮೆಲ್ಲಗೆ, ಮೆಲ್ಲಗೆ ಅಂತ ಅರ್ಥ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಆ ಅಂಗೈ ನೋಡುತ್ತಲೇ ಇದ್ದೇನೆ.

ದಸ್ತಗಿರಿ ಏನೋ ಹೇಳಿದ. ದವಡೆಯಲ್ಲಿ ಗುಟ್ಕಾ. ತುಟಿ ಅರ್ಧ ತೆರೆದು ಅರ್ಧ ಮುಚ್ಚಿಕೊಳ್ಳುತ್ತಿತ್ತು. ತುಟಿ ನೋಡಿ ಮಾತು ಹಿಡಿಯುವವಳಿಗೆ ಆಂಧ್ರದ ಈ ಆದೋನಿ ಊರು ಒಂದು ಶಿಕ್ಷೆ. ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳಿ, ಕೊನೆಗೊಂದು ಉರ್ದು ಮಾತು ಸೇರಿಸಿಕೊಂಡು ಮುಗಿಯುತ್ತದೆ. ನನಗೆ ಮೂರೂ ಬರುತ್ತವೆ. ಆದರೆ ಬಾಯೊಳಗೆ ಇಷ್ಟು ಸಾಮಾನು ತುಂಬಿಕೊಂಡವನ ತುಟಿಯಲ್ಲಿ ಯಾವುದನ್ನು ಹಿಡಿಯಲಿ?

"ಮೊದಲು ಹೋಗಿ ಉಗುಳಿ ಬಾ," ಎಂದೆ. "ಆಮ್ಯಾಲೆ ಮಾತಾಡು."

ಪಾಪ, ಹೋಗಿ ಉಗುಳಿ ಬಂದ.

ನನಗೆ ಎಂಟು ವರ್ಷ ಇದ್ದಾಗ ಜ್ವರ ಬಂದು ಕಿವಿ ಹೋಯಿತು. ನಮ್ಮ ತವರು ಗೋನೆಗಂಡ್ಲ. ಅಪ್ಪ ಕೃಷ್ಣಕಾಂತ ಅಲ್ಲಿ ಶಾಲೆ ಮೇಷ್ಟ್ರು. ಕಿವಿ ಹೋಯಿತೆಂದು ಮನೆಯವರೆಲ್ಲ ದೇವರಿಗೆ ಹರಕೆ ಕಟ್ಟಿಕೊಂಡು ಕೂತಾಗ ಅಪ್ಪ ಮಾಡಿದ ಮೊದಲ ಕೆಲಸ ಮೀಸೆ ತೆಗೆಸಿದ್ದು. ದಿನಾ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು, ನನ್ನ ಗಲ್ಲ ಹಿಡಿದು, ಒಂದೊಂದೇ ಮಾತು ಹೇಳೋರು. ನಾನು ತಪ್ಪಿದರೆ ಮತ್ತೆ ಹೇಳೋರು. ಇವತ್ತು ನಾನು ಈ ಊರಿನಲ್ಲಿ ಒಬ್ಬಳೇ ಓಡಾಡಿ ಜಗಳ ಮಾಡಿಕೊಂಡು ಬರುತ್ತೇನೆಂದರೆ ಅದು ಅಪ್ಪ ಕೊಟ್ಟ ಬಾಯಿ.

ಮೆಸೇಜು ಕಳಿಸುವುದನ್ನೂ ಅಪ್ಪ ನನಗೋಸ್ಕರವೇ ಕಲಿತರು. ಅವರದು ಗುಂಡಿ ಒತ್ತುವ ಹಳೆ ಫೋನು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಬೆಳಿಗ್ಗೆ ಒಂದು, ಸಂಜೆ ಒಂದು ಕಳಿಸೋರು. ಫೋನು ನನ್ನ ಮೈಮೇಲಿದ್ದರೆ ನಡುಗಿದ್ದು ಗೊತ್ತಾಗುತ್ತದೆ. ಆದರೆ ನಮ್ಮದು ಆಚಾರದ ಮನೆ. ಮಡಿಯುಟ್ಟು ಅಡುಗೆಮನೆ ಹೊಕ್ಕರೆ ಫೋನು ಮುಟ್ಟುವ ಹಾಗಿಲ್ಲ, ಅರ್ಧ ದಿನ ಅಡುಗೆಮನೆಯಲ್ಲೇ ಕಳೆಯುತ್ತದೆ. ಹೀಗಂತ ಹೇಳಿಕೊಂಡಾಗ ಅಪ್ಪ ಗೋನೆಗಂಡ್ಲದಿಂದ ಒಂದು ತೆಳು ಸ್ಟೀಲ್ ತಟ್ಟೆ ತಂದರು. ಅಡುಗೆಮನೆಯ ಹೊಸ್ತಿಲಾಚೆ ಸ್ಟೂಲಿನ ಮೇಲಿಟ್ಟು, ಅದರೊಳಗೆ ಫೋನಿಟ್ಟು, ಸುತ್ತ ನಾಲ್ಕು ಕಡಲೆಕಾಳು ಹಾಕಿದರು. ಮೆಸೇಜು ಬಂದರೆ ತಟ್ಟೆ ನಡುಗಿ ಕಾಳು ಜಿಗಿದಾಡುತ್ತವೆ. ಒಲೆ ಮುಂದೆ ಕೂತಲ್ಲಿಂದಲೇ ನನಗೆ ಕಾಣುತ್ತದೆ.

ಅಂದಿನಿಂದ ಅಪ್ಪನ ಮೆಸೇಜು ಯಾವಾಗಲೂ ಒಂದೇ ಮಾತಿನಿಂದ ಶುರು. ತಟ್ಟೆ ಕುಣೀತೇನು? ನಾನು ಮಡಿ ಬಿಚ್ಚಿದ ಮೇಲೆ ಬರೆಯುತ್ತಿದ್ದೆ. ಕುಣೀತು. ಅತ್ತೆ ಇದನ್ನು ನೋಡಿ ಮೂತಿ ತಿರುವುತ್ತಿದ್ದರು. "ಕಾಳಿನ ಆಟ" ಅಂತ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು. ನಗಲಿ, ನನಗೇನು.

ಈಗ ಅಪ್ಪನಿಗೆ ಜ್ವರ. ಹೋದ ವಾರದಿಂದ ಬಿಟ್ಟಿಲ್ಲ. ಅಪ್ಪ ಇರುವುದು ನನ್ನ ತಮ್ಮ ಪ್ರಾಣೇಶನ ಜೊತೆ. ಹೋಗಿ ನೋಡಿ ಬರುತ್ತೇನೆ ಎಂದರೆ ಇಲ್ಲಿ ಮೈದುನನ ಮಗನ ಮುಂಜಿ. ಊಟಕ್ಕೆ ಬರುವ ಜನಕ್ಕೆಲ್ಲ ಹೊರಗಿನ ಅಡುಗೆಯವರಿದ್ದಾರೆ. ಆದರೆ ದೇವರ ನೈವೇದ್ಯಕ್ಕೆ, ಆಚಾರ್ಯರ ಎಲೆಗೆ, ಮನೆಯ ಹಿರಿಯರಿಗೆ ಮನೆಯ ಹೆಂಗಸೇ ಮಡಿಯಲ್ಲಿ ಮಾಡಬೇಕು. ಅತ್ತೆಗೆ ಮೊಣಕಾಲು ನೋವು. ಮೈದುನನ ಹೆಂಡತಿ ಮುಂಜಿಯ ಹುಡುಗನ ತಾಯಿ, ಹಸೆ ಮೇಲೆ ಕೂಡಬೇಕು. ಉಳಿದವಳು ನಾನು. ಕಿವಿ ಕೇಳದವಳು ಎಂದು ಯಾವ ಮಾತಿಗೂ ಕರೆಯದ ಮನೆಗೆ ಒಲೆ ಮುಂದೆ ಮಾತ್ರ ನಾನೇ ಬೇಕು.

ಅಂಥ ಹೊತ್ತಿನಲ್ಲೇ ಫೋನು ಕೈಕೊಟ್ಟಿತು. ತಟ್ಟೆ ಅಲ್ಲಾಡುವುದು ನಿಂತಿತು. ಕೈಯಲ್ಲಿ ಹಿಡಿದರೂ ಇಲ್ಲ, ಬ್ಯಾಂಕಿನವರ ಮೆಸೇಜು ಕಣ್ಣೆದುರೇ ಬಂದು ಬಿದ್ದರೂ ನಡುಕ ಇಲ್ಲ. ಅಷ್ಟೇ ಅಲ್ಲ, ಅಪ್ಪನ ಮೆಸೇಜುಗಳೇ ಒಳಗೆ ಕಾಣುತ್ತಿರಲಿಲ್ಲ. ಹಳೆಯವೂ ಇಲ್ಲ. ನನ್ನ ಗಂಡ ಶ್ರೀನಿವಾಸ ಕರೆಂಟ್ ಆಫೀಸಿನಲ್ಲಿ ಗುಮಾಸ್ತ. ಅವರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರು.

"ಫೋನ್ ಹೋಗೇದ," ಎಂದರು. "ಮುಂಜಿ ಮುಗೀಲಿ, ಹೊಸಾದು ಕೊಡಸ್ತೀನಿ."

"ಅಪ್ಪಗ ಹ್ಯಾಂಗದನೋ ಏನೋ. ನೀವರ ಒಂದು ಫೋನ್ ಮಾಡಿ ಕೇಳ್ರಿ."

"ಮಾಡಿದ್ನಲ್ಲ. ಆರಾಮ ಅದಾರ. ನೀ ಹೂರಣ ನೋಡ್ಕೋ."

ಇವತ್ತು ದೇವರ ಸಮಾರಾಧನೆ, ನಾಳೆ ಮುಂಜಿ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಚಾಪೆ ಮೇಲೆ ಉರುಳಿದ್ದರು. ನಾಳೆಯ ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ತುಪ್ಪ ಕಾಯಿಸಿ, ಒಗ್ಗರಣೆ ಗೊಜ್ಜು ಎಲ್ಲ ಮುಚ್ಚಿಟ್ಟು ನಾನು ಮಡಿ ಬಿಚ್ಚಿದೆ. ಮಾಮೂಲಿ ಸೀರೆ ಸುತ್ತಿಕೊಂಡು, ಯಾರಿಗೂ ಹೇಳದೆ ಬಜಾರಿಗೆ ಬಂದೆ. ಆರಾಮ ಇರುವ ಅಪ್ಪ ನನಗೆ ಮೆಸೇಜು ಕಳಿಸದೆ ಇರುವವರಲ್ಲ. ಕಳಿಸಿದ್ದಾರೆ, ಈ ದರಿದ್ರ ಫೋನು ನುಂಗಿದೆ. ಅದರ ಹೊಟ್ಟೆ ಬಗೆದಾದರೂ ತೆಗೆಸುತ್ತೇನೆ ಅಂತಲೇ ಹೊರಟಿದ್ದೆ.

ಬಾಯಿ ತೊಳೆದು ಬಂದ ದಸ್ತಗಿರಿಯ ತುಟಿ ಈಗ ಚೆನ್ನಾಗಿ ಕಂಡಿತು.

"ಅಮ್ಮಾ, ನಡಗೋ ಮೋಟರ್ ಬಾಗುಂದಿ, ಚಲೋ ಐತಿ. ಕಾಲ್ ಬಂದ್ರ ನಡಗತೈತಲ್ಲ?"

"ನಿನ್ನ ಫೋನಿಂದ ಒಂದು ಮೆಸೇಜ್ ಹಾಕು. ನೋಡು."

ಹಾಕಿದ. ನನ್ನ ಫೋನಿನ ದೀಪ ಹತ್ತಿತು, ಆದರೆ ಫೋನು ಹೆಣದ ಹಾಗೆ ಬಿದ್ದಿತ್ತು. ಮತ್ತೆ ಹಾಕಿದ. ಊಹೂಂ. ಈಗ ಅವನಿಗೂ ರೋಷ ಬಂತು. ಫೋನು ಎತ್ತಿಕೊಂಡು ಸೆಟ್ಟಿಂಗಿನೊಳಗೆ ಇಳಿದ. ಸ್ವಲ್ಪ ಹೊತ್ತಿಗೆ ಪರದೆಯನ್ನು ನನ್ನ ಕಡೆ ತಿರುಗಿಸಿದ.

"ಇದ ನೋಡ್ರಿ. ಮೆಸೇಜಿಂದು ಮಾತ್ರ ಬಂದ್ ಮಾಡ್ಯಾರ. ಸೌಂಡೂ ಇಲ್ಲ, ವೈಬ್ರೇಶನ್ನೂ ಇಲ್ಲ. ಇದು ದಾನಂತಟ ಅದೇ, ತನ್ನಷ್ಟಕ್ಕ ತಾನ, ಆಗೂದಲ್ಲಮ್ಮಾ. ಯಾರೋ ಮಾಡಿದ್ದು."

"ಯಾರ್ ಮಾಡ್ತಾರ? ನೀನೇ ಎಲ್ಲೋ ಒತ್ತಿರಬೇಕು."

"ಅಲ್ಲಾ ಸಾಕ್ಷಿ, ನಾನು ಈಗಷ್ಟ ಕೈ ಹಚ್ಚೀನಿ!"

ಅವನು ಬಟನ್ನು ಒತ್ತಿ, ಮತ್ತೊಂದು ಮೆಸೇಜು ಹಾಕಿದ. ನನ್ನ ಅಂಗೈಯಲ್ಲಿ ಫೋನು ಗುರ್ರೆಂದು ನಡುಗಿತು. ಅವನನ್ನು ಬೈದದ್ದೆಲ್ಲ ಒಂದು ಗಳಿಗೆ ಮರೆತುಹೋಗಿ ನಾನು ನಕ್ಕುಬಿಟ್ಟೆ. ಅವನೂ ನಕ್ಕ.

"ಇನ್ನೊಂದು ನೋಡು," ಎಂದೆ. "ನಮ್ಮಪ್ಪನ ಮೆಸೇಜ್ ಒಂದೂ ಕಾಣಸವಲ್ಲವು. ಮೊದಲ ಇದ್ದವು ಸೈತ."

ಅವನು ಮತ್ತೆ ಒಳಗಿಳಿದ. ಈ ಸಲ ಅವನ ಹುಬ್ಬು ಗಂಟಾಯಿತು. "ಬ್ಲಾಕ್ ಮಾಡ್ಯಾರ," ಎಂದ. "ಎರಡು ನಂಬರು. ಒಂದು 'ಅಪ್ಪ' ಅಂತೈತಿ. ಒಂದು 'ಪ್ರಾಣೇಶ'." ಒತ್ತಿ, ತೆರೆದು, ತಾನು ಓದದೆ ಫೋನನ್ನು ನನ್ನ ಕೈಗೆ ಕೊಟ್ಟ.

ಅಪ್ಪನದು ಮೊದಲು.

ತಟ್ಟೆ ಕುಣೀತೇನು? ಜ್ವರ ಇಳಿದಿಲ್ಲ.

ತಟ್ಟೆ ಕುಣೀತೇನು? ಒಂದು ಸಲ ಬಂದು ಹೋಗವಾ. ನೋಡಬೇಕನಸ್ತದ.

ತಟ್ಟೆ ಕುಣೀತೇನು?

ಕೊನೆಯದರಲ್ಲಿ ಅಷ್ಟೇ. ಬೇರೆ ಏನೂ ಇರಲಿಲ್ಲ.

ಆಮೇಲೆ ಪ್ರಾಣೇಶನದು.

ಅಕ್ಕಾ, ಅಪ್ಪ ನಿನ್ನ ಕೇಳ್ಳಿಕ್ಕತ್ತಾರ. ಭಾವಗ ಫೋನ್ ಮಾಡಿ ಹೇಳೇನಿ. ಲಗೂ ಬಾ.

ಅಕ್ಕಾ, ಅಪ್ಪ ಹೋದ್ರು.

ಅಕ್ಕಾ, ಮುಂಜಿ ಬಿಟ್ಟು ನೀ ಬರೂದಿಲ್ಲಂತಿ ಅಂತ ಭಾವ ಹೇಳಿದ್ರು. ಆದ್ರೂ ಹೊತ್ತು ಮುಳುಗೋತನಕ ಕಾದ್ವಿ. ಇನ್ನ ಇಟಗೊಳ್ಳಿಕ್ಕಾಗೂದಿಲ್ಲ. ಎತ್ತಲಿಕ್ಕತ್ತೇವಿ.

ಅದರ ಮೇಲೆ ನಿನ್ನೆಯ ತಾರೀಕಿತ್ತು. ನಿನ್ನೆ ಹೊತ್ತು ಮುಳುಗುವಾಗ ನಾನು ಚಕ್ಕುಲಿ ಒತ್ತುತ್ತಿದ್ದೆ. ಗಂಡ ಹೊಸ್ತಿಲಾಚೆ ನಿಂತು, ಬಿಸಿ ಇದ್ದಾಗಲೇ ಎರಡು ಕೊಡು ಅಂತ ಕೇಳಿ, ಇಸಿದುಕೊಂಡು ತಿಂದು ಹೋಗಿದ್ದರು. ಹೊಸ್ತಿಲಿನ ಪಕ್ಕ ತಟ್ಟೆ ಇತ್ತು, ಅದರೊಳಗೆ ಫೋನು ಇತ್ತು, ಕಾಳು ಸುಮ್ಮನೆ ಬಿದ್ದಿದ್ದವು. ಅದನ್ನು ನೋಡಿಕೊಂಡೇ ತಿಂದಿದ್ದರು.

ದಸ್ತಗಿರಿ ಏನೋ ಕೇಳುತ್ತಿದ್ದ. ನಾನು ಅವನ ತುಟಿ ನೋಡಲಿಲ್ಲ. ಅಂಗಡಿ ಇಳಿದು ನಡೆದೆ. ಹತ್ತಿ ತುಂಬಿದ ಲಾರಿಯೊಂದು ನನ್ನ ಮೈಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿಗೆ ಬಂದಂತೆ ಬೈದ. ಅವನ ತುಟಿಯಲ್ಲಿ ಎಲ್ಲ ತಿಳಿಯಿತು. ನಾನೂ ಅಷ್ಟೇ ಬೈದೆ. ಎದೆಯೊಳಗಿನದಕ್ಕೆ ಅದು ಯಾವ ಮೂಲೆಗೂ ಸಾಲಲಿಲ್ಲ.

ನಮ್ಮಲ್ಲಿ ಸಾವಿನ ಸೂತಕಕ್ಕೆ ಒಂದು ಲೆಕ್ಕವಿದೆ. ಸತ್ತ ಗಳಿಗೆಯಿಂದ ಅಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಅದು ಹಿಡಿಯುತ್ತದೆ. ಮದುವೆಯಾದ ಮಗಳಿಗೆ ತಂದೆಯ ಸೂತಕ ಮೂರು ದಿನ. ಆ ದಿನಗಳಲ್ಲಿ ಅವಳು ಮಡಿಯುಡುವ ಹಾಗಿಲ್ಲ, ದೇವರ ಅಡುಗೆಗೆ ಕೈ ಹಚ್ಚುವ ಹಾಗಿಲ್ಲ. ಅವಳು ಮುಟ್ಟಿದ್ದೆಲ್ಲ ಮೈಲಿಗೆ. ಅದಕ್ಕೇ ಕಾರ್ಯದ ಮನೆಗಳಲ್ಲಿ ಸಾವಿನ ಫೋನು ಬಂದರೆ ದೊಡ್ಡವರು ತಮ್ಮೊಳಗೇ ಇಟ್ಟುಕೊಂಡು, ಕಾರ್ಯ ಮುಗಿದ ಮೇಲೆ ಹೇಳುವುದುಂಟು. ಇದು ನನಗೆ ಹೊಸದಲ್ಲ. ಯಾರದೋ ದೂರದ ಚಿಕ್ಕಪ್ಪನ ಸುದ್ದಿಯನ್ನು ಹಾಗೆ ಮುಚ್ಚಿಟ್ಟಾಗ ನಾನೂ ತಲೆ ಆಡಿಸಿದ್ದೇನೆ. ಆದರೆ ಇವರು ಅಪ್ಪ ಸಾಯುವುದಕ್ಕೆ ಮೊದಲೇ ಬಾಗಿಲು ಹಾಕಿದ್ದರು. ಅಪ್ಪ ಕರೆಯುತ್ತಿದ್ದಾಗಲೇ.

ಅದರಲ್ಲೂ ಅತಿ ಬುದ್ಧಿವಂತಿಕೆ. ನಂಬರು ಬ್ಲಾಕ್ ಮಾಡಿ ಸುಮ್ಮನಿದ್ದಿದ್ದರೆ ನಾನು ಅಂಗಡಿಯವರೆಗೆ ಹೋಗುತ್ತಿರಲಿಲ್ಲವೇನೋ. ಯಾವ ನಂಬರಿನಿಂದಲೂ ಸುದ್ದಿ ಬಾರದಿರಲಿ ಅಂತ ನಡುಕವನ್ನೇ ನಿಲ್ಲಿಸಲು ಹೋಗಿ ಸಿಕ್ಕಿಬಿದ್ದರು.

ಮನೆ ಮುಂದೆ ಚಪ್ಪರ. ಪಡಸಾಲೆಯಲ್ಲಿ ಬಂಧುಬಳಗ ಕಾಫಿ ಕುಡಿಯುತ್ತಿತ್ತು. ಅತ್ತೆ ಎಲೆ ಅಡಿಕೆ ಜೋಡಿಸುತ್ತಾ ಕೂತಿದ್ದರು. ಗಂಡ ನನ್ನ ಕೈಯಲ್ಲಿ ಫೋನು ನೋಡಿ, ಆಮೇಲೆ ನನ್ನ ಮುಖ ನೋಡಿ ಎದ್ದು ನಿಂತರು.

"ನಮ್ಮಪ್ಪ ಯಾವಾಗ ಹೋದ್ರು, ಹೇಳ್ರಿ," ಎಂದೆ.

ಅತ್ತೆಯ ಅಂಗೈ ಕೆಳಗಾಯಿತು. ಮೆಲ್ಲಗೆ, ಮೆಲ್ಲಗೆ.

"ಆ ಕೈ ತಗೀರಿ ಅತ್ತೀ! ಇವತ್ತು ಮೆಲ್ಲಕ ಮಾತಾಡೂದಿಲ್ಲ."

ಗಂಡ ನನ್ನ ರಟ್ಟೆ ಹಿಡಿದು ಗೋಡೆ ಕಡೆ ಎಳೆದರು. ಅವರ ತುಟಿಯ ಪ್ರತಿ ಮಾತೂ ತಿಳಿಯಿತು.

"ನಾಳೆ ಒಂದಿನ ಮುಗೀಲಿ ಅಂತಿದ್ವಿ. ನೀ ಹೋಗಿದ್ರ ಮಡೀಲಿ ಅಡುಗಿಗೆ ಯಾರಿದ್ರು? ಹೇಳಿದ್ರ ಸೂತಕ ಬರ್ತಿತ್ತು. ಕಿವಿಗೆ ಬಿದ್ರಷ್ಟ ಸೂತಕ, ಬೀಳಲಿಲ್ಲಂದ್ರ ನಿನಗೇನೂ ದೋಷ ಇಲ್ಲ. ಶಾಸ್ತ್ರದಾಗೇ ಅದ."

"ನನ್ನ ಕಿವಿಗೆ?" ಎಂದೆ. "ನನ್ನ ಕಿವಿಗೆ ಎಂಟು ವರ್ಷದಕ್ಕಿದ್ದಾಗಿಂದ ಏನೂ ಬಿದ್ದಿಲ್ಲ. ಹಂಗಂದ್ರ ನನ್ನೋರು ಯಾರೂ ಸಾಯಾಂಗೇ ಇಲ್ಲೇನು? ನಿಮ್ಮ ಕಿವಿಗೆ ಬಿದ್ದಿತ್ತಲ್ಲ? ನಮ್ಮ ತಮ್ಮ ನಿಮಗ ಫೋನ್ ಮಾಡಿದ್ನಲ್ಲ? ಅಳಿಯಗೂ ಸೂತಕ ಅದನೋ ಇಲ್ಲೋ? ಮುಂಜಾನೆ ಮಡಿ ಪಂಚಿ ಉಟ್ಟು ದೇವರ ಮುಂದ ಕೂತಿದ್ರಲ್ಲ, ಅದ್ಯಾವ ಶಾಸ್ತ್ರ?"

ಪಡಸಾಲೆಯಲ್ಲಿ ಲೋಟಗಳು ನಿಂತಲ್ಲೇ ನಿಂತವು. ಬೆಳಿಗ್ಗೆ ಪೂಜೆ ಮಾಡಿಸಿದ ಆಚಾರ್ಯರು ನನ್ನ ಗಂಡನ ಕಡೆ ತಿರುಗಿ ಏನೋ ಕೇಳಿದರು. ಗಂಡ ನೆಲ ನೋಡಿದರು. ಅಷ್ಟು ಸಾಕಾಯಿತು, ಆಚಾರ್ಯರು ಲೋಟ ಕೆಳಗಿಟ್ಟು ಎದ್ದರು.

"ನಾನು ಬರೂದಿಲ್ಲಂದೆ ಅಂತ ಹೇಳೀರಿ ನನ್ನ ತಮ್ಮಗ. ನಾನು! ನಮ್ಮಪ್ಪ ಕರದ್ರ ನಾನು ಬರೂದಿಲ್ಲಂತೀನೇನ್ರಿ? ನಿಮ್ಮ ನಾಲಿಗೀಗೆ ಹುಳ ಬೀಳ್ಲಿ."

ಅತ್ತೆ ಗೋಡೆ ಹಿಡಿದು ಏಳುತ್ತಾ, "ಹುಡುಗನ ಶುಭಕಾರ್ಯದಾಗ ಇವೆಂಥ ಮಾತು, ಸುಮ್ಮನಿರು, ಒಳಗ ನಡಿ," ಎಂದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಳಗೆ ನಡಿ ಎಂದರಲ್ಲ, ನಡೆದೆ. ಬಜಾರಿನ ಸೀರೆಯಲ್ಲೇ, ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಹೊಸ್ತಿಲು ದಾಟಿದೆ. ಮಡಿಯ ಅಡುಗೆಮನೆ. ನಾನೇ ತೊಳೆದು, ನಾನೇ ಸಾರಿಸಿ, ನಾನೇ ರಂಗೋಲಿ ಹಾಕಿದ್ದು. ಹೂರಣದ ಪಾತ್ರೆಯ ಮುಚ್ಚಳ ತೆಗೆದು ಕೈ ಅದ್ದಿದೆ. ತುಪ್ಪದ ತಪ್ಪಲೆಗೆ ಕೈ ಅದ್ದಿದೆ. ಗೊಜ್ಜು, ಚಕ್ಕುಲಿ ಡಬ್ಬಿ, ನೆನೆಯಿಟ್ಟ ಬೇಳೆ, ದೇವರಿಗೆಂದು ಎತ್ತಿಟ್ಟ ಹಾಲು. ಒಂದನ್ನೂ ಬಿಡಲಿಲ್ಲ. ತಿರುಗಿದಾಗ ಬಾಗಿಲಲ್ಲಿ ಎಲ್ಲರ ಬಾಯಿಯೂ ತೆರೆದಿತ್ತು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಯಾರ ತುಟಿಯನ್ನೂ ಓದಲು ನಾನು ಹೋಗಲಿಲ್ಲ.

"ಸೂತಕ ಬಂತು," ಎಂದೆ. "ಈಗ ನೀವು ಮಾಡ್ಕೊಳ್ರಿ ಅಡುಗಿ."

ಸ್ಟೂಲಿನ ಮೇಲಿಂದ ನನ್ನ ತಟ್ಟೆ ಎತ್ತಿಕೊಂಡೆ. ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ಗಂಡ ಚಪ್ಪರದವರೆಗೂ ಹಿಂದೆ ಬಂದು ಅಡ್ಡ ನಿಂತರು. ನಾನು ನಿಲ್ಲಲಿಲ್ಲ, ಅವರೇ ಸರಿದರು.

ಬಸ್ ಸ್ಟ್ಯಾಂಡಿನಲ್ಲಿ ಎಮ್ಮಿಗನೂರು ಮೇಲೆ ತವರಿಗೆ ಹೋಗುವ ಬಸ್ಸು ನಿಂತಿತ್ತು. ಕಿಟಕಿ ಪಕ್ಕ ಕೂತೆ. ಪಕ್ಕದ ಸೀಟಿನ ಹೆಂಗಸು ನನ್ನ ಕೈಗೆ ಮೆತ್ತಿದ್ದ ಹೂರಣ ನೋಡಿ, ಮುಖ ನೋಡಿ, ಏನೂ ಕೇಳದೆ ತನ್ನ ನೀರಿನ ಬಾಟಲಿ ಕೊಟ್ಟಳು. ಕೈ ತೊಳೆದುಕೊಂಡೆ. ಆಗ ಮೊದಲ ಸಲ ಅಳು ಬಂತು. ಅತ್ತುಬಿಟ್ಟೆ. ಜೋರಾಗಿ ಅತ್ತಿದ್ದಿರಬೇಕು, ಮುಂದಿನ ಸೀಟಿನವರೆಲ್ಲ ತಿರುಗಿದರು. ತಿರುಗಲಿ.

ಬಸ್ಸು ಊರು ದಾಟುವಷ್ಟರಲ್ಲಿ ಫೋನು ನಡುಗತೊಡಗಿತು. ದಸ್ತಗಿರಿ ಚೆನ್ನಾಗಿಯೇ ಸರಿ ಮಾಡಿದ್ದ. ಗಂಡನ ಮೆಸೇಜು. ಎಲ್ಲಿದ್ದಿ. ಮತ್ತೆ ನಡುಕ. ಜನರ ಮುಂದೆ ಮಾನ ತೆಗೆದಿ. ಮತ್ತೆ. ಅವ್ವಗ ಬಿ.ಪಿ. ಏರೇದ. ಮತ್ತೆ. ಆಚಾರ್ರು ನಾಳೆ ಮುಂಜಿ ಆಗೂದಿಲ್ಲ ಅಂತಾರ, ನೀ ಬಂದು ತಪ್ಪಾತನ್ನು. ಒಂದರ ಹಿಂದೊಂದು, ಕೈ ಜುಮ್ಮೆನ್ನುವ ಹಾಗೆ. ದಸ್ತಗಿರಿ ಎಲ್ಲೆಲ್ಲಿ ಒತ್ತಿದ್ದನೆಂದು ನಾನು ನೋಡಿಕೊಂಡಿದ್ದೆ. ಗಂಡನ ಹೆಸರಿನ ಮೇಲೆ ಹೋಗಿ, ಅವರು ಅಪ್ಪನಿಗೆ ಮಾಡಿದ್ದನ್ನೇ ಅವರಿಗೆ ಮಾಡಿದೆ. ಫೋನು ಸುಮ್ಮನಾಯಿತು.

ಆಮೇಲೆ ಅಪ್ಪನ ಹೆಸರು ತೆರೆದೆ. ತಟ್ಟೆ ಕುಣೀತೇನು? ಮೂರು ಸಲ ಕೇಳಿ ಉತ್ತರ ಸಿಗದೆ ಹೋಗಿದ್ದರು. ಮಗಳಿಗೆ ಸಿಟ್ಟು ಬಂದಿದೆ ಅಂದುಕೊಂಡರೋ, ಮುಂಜಿ ಮನೆಯ ಸಡಗರದಲ್ಲಿ ಮರೆತಳು ಅಂದುಕೊಂಡರೋ. ಬರೆದೆ. ಕುಣೀತು ಅಪ್ಪಾ. ಬರಲಿಕ್ಕತ್ತೀನಿ. ಕಳಿಸಿದೆ. ಹುಚ್ಚು ಅಂತ ಗೊತ್ತು. ಆದರೆ ಅವರು ಕೇಳಿದ್ದಕ್ಕೆ ಇನ್ನು ಯಾರು ಉತ್ತರ ಕೊಡಬೇಕು?

ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಫೋನನ್ನು ಅದರೊಳಗಿಟ್ಟೆ. ಗಂಟು ಬಿಚ್ಚಿ ಕಾಳು ಹಾಕಿದೆ. ಬಸ್ಸಿನ ಕುಲುಕಾಟಕ್ಕೆ ಕಾಳು ಸುಮ್ಮನೇ ಅತ್ತಿತ್ತ ಉರುಳುತ್ತಿದ್ದವು. ಎಮ್ಮಿಗನೂರಿನಲ್ಲಿ ಬಸ್ಸು ನಿಂತಿತು, ಕಾಳೂ ನಿಂತವು. ಜನ ಇಳಿದರು, ಹತ್ತಿದರು.

ಆಗ ತಟ್ಟೆ ಕುಣಿಯಿತು. ಕಾಳು ಜಿಗಿದವು. ಪರದೆಯ ಮೇಲೆ 'ಅಪ್ಪ' ಅಂತ ಇತ್ತು.

ತೆರೆದೆ.

ಅಕ್ಕಾ, ನಾನು ಪ್ರಾಣೇಶ. ಅಪ್ಪನ ಫೋನ್ ನನ್ನ ಹತ್ರ ಅದ. ಈಗ ಯಾಕ ಬರ್ತಿ?

ಅದನ್ನೇ ಓದುತ್ತಾ ಕೂತೆ. ಉತ್ತರ ಬರೆಯಲು ಹೋಗಿ ಅಳಿಸಿದೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅವನ ಮುಖದ ಮುಂದೆ ನಿಂತು ಹೇಳಬೇಕು, ಅವನು ಬೈಯುವುದನ್ನು ಅವನ ತುಟಿಯಲ್ಲಿ ನೋಡಬೇಕು. ಕಂಡಕ್ಟರು ಬಂದು, ಇಲ್ಲೇ ಇಳಿಯುತ್ತೀರಾ ಅಂತ ಕೈಸನ್ನೆಯಲ್ಲಿ ಕೇಳಿದ.

"ಇಲ್ಲ," ಎಂದೆ. "ಗೋನೆಗಂಡ್ಲ."